ಕೋರಸ್ ಪೆಡಲ್: ಬಾಸ್ ಸಿಎಚ್-1 ಅಥವಾ ಸ್ಮಾಲ್ ಕ್ಲೋನ್?

ಕೋರಸ್ ಪೆಡಲ್ ಎಂದರೆ ಗಿಟಾರ್ ದನಿಗೆ ಅದರದೇ ತುಸು ತೊನೆಯುವ ಪ್ರತಿಯನ್ನು ಬೆರೆಸುವ ಪೆಟ್ಟಿಗೆ. ಬಾಸ್ ಸಿಎಚ್-1ರಲ್ಲಿ ನಾಲ್ಕು ನಾಬ್‌ಗಳು: ಎಫೆಕ್ಟ್ ಲೆವೆಲ್ (ಕೋರಸ್‌ನ ಪ್ರಮಾಣ), ಇಕ್ಯೂ (ದನಿಯ ಹೊಳಪು), ರೇಟ್ (ತೊನೆತದ ವೇಗ), ಡೆಪ್ತ್ (ತೊನೆತದ ಆಳ). ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಸ್ಮಾಲ್ ಕ್ಲೋನ್‌ನಲ್ಲಿ ರೇಟ್‌ಗೆ ಒಂದೇ ನಾಬ್, ಡೆಪ್ತ್‌ಗೆ ಎರಡು ಹಂತದ ಸ್ವಿಚ್, ಅಷ್ಟೇ.

ಕ್ಲೀನ್ ಟೋನ್‌ಗೆ (ಒರಟಾಗಿಸದ ದನಿಗೆ) ತೆಳುವಾದ ಹೊಳಪು ಸಾಕೆನ್ನುವವರಿಗೆ ಸಿಎಚ್-1. ಲೆವೆಲ್ ತಗ್ಗಿಸಿದರೆ ಕೋರಸ್ ಹಿಂದೆ ಸರಿಯುತ್ತದೆ. ಎರಡು ಆಂಪ್ ಇದ್ದರೆ ಸ್ಟೀರಿಯೋ ಕೂಡ ಸಿಗುತ್ತದೆ. ಸ್ಮಾಲ್ ಕ್ಲೋನ್‌ನಲ್ಲಿ ಕೋರಸ್ ಎಷ್ಟು ಬೆರೆಯಬೇಕೆಂದು ಹೊಂದಿಸುವ ಮಿಕ್ಸ್ ನಿಯಂತ್ರಣವೇ ಇಲ್ಲ. ಅದರ ಅನಲಾಗ್ ದನಿ ಮಂದ, ನೀರಿನಲ್ಲಿ ಅದ್ದಿದಂತೆ. ನಿರ್ವಾಣ ಬ್ಯಾಂಡ್‌ನ ಕರ್ಟ್ ಕೋಬೇನ್ ಬಳಸಿದ್ದು ಇದನ್ನೇ. ಅವರ ಒರಟು ರಾಕ್ ಶೈಲಿ ಗ್ರಂಜ್ ಬೇಕಿದ್ದರೆ ಯೋಚಿಸದೆ ಇದನ್ನೇ ಆರಿಸಿ. ಒಂದೇ ಪೆಡಲ್‌ನಲ್ಲಿ ಎಲ್ಲವೂ ಆಗಬೇಕೆಂದರೆ ನನ್ನ ಓಟು ಸಿಎಚ್-1ಗೆ.

ಸಿಎಚ್-1ರಲ್ಲಿ ರೇಟ್ ನಾಬ್ ಅನ್ನು ಗಡಿಯಾರದ 9 ಗಂಟೆಯ ದಿಕ್ಕಿನಲ್ಲಿ, ಉಳಿದವನ್ನು 12ರ ದಿಕ್ಕಿನಲ್ಲಿಟ್ಟು ಶುರುಮಾಡಿ. ರೇಟ್, ಡೆಪ್ತ್ ಎರಡನ್ನೂ ಏರಿಸಿದರೆ ಸ್ವರ ಅತಿಯಾಗಿ ತೊನೆದು, ಕಾರ್ಡ್‌ಗಳು ಶ್ರುತಿ ತಪ್ಪಿದಂತೆ ಕೇಳುತ್ತವೆ.

ಕೋರಸ್ ಅನ್ನು ಡ್ರೈವ್ ಪೆಡಲ್‌ನ (ದನಿ ಒರಟಾಗಿಸುವುದು) ನಂತರ, ಡಿಲೇಗೆ (ದನಿ ಮರುಕಳಿಸುವುದು) ಮುಂಚೆ ಜೋಡಿಸಿ. ಡ್ರೈವ್‌ಗೆ ಮುಂಚೆ ಇಟ್ಟರೆ ಕಾರ್ಡ್ ಕಲಸಿಹೋಗುತ್ತದೆ. ಡಿಸ್ಟಾರ್ಷನ್ (ಒರಟು ದನಿ) ಆಂಪ್‌ನ ಮೊದಲ ಹಂತವಾದ ಪ್ರಿಆಂಪ್‌ನಿಂದಲೇ ಬರುತ್ತಿದ್ದರೆ, ಪ್ರಿಆಂಪ್ ನಂತರ ಪೆಡಲ್ ಜೋಡಿಸಲು ಆಂಪ್‌ನಲ್ಲಿರುವ ಎಫೆಕ್ಟ್ಸ್ ಲೂಪ್‌ಗೆ ಹಾಕಿ.

ಬ್ಯಾಟರಿಯಲ್ಲಿ ನುಡಿಸುವವರು ಮುಗಿದ ಮೇಲೆ ಇನ್‌ಪುಟ್ ಕೇಬಲ್ ಕೀಳಬೇಕು. ಎಫೆಕ್ಟ್ ಆಫ್ ಇದ್ದರೂ ಕೇಬಲ್ ಸಿಕ್ಕಿಸಿರುವವರೆಗೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.