ಟೆಲಿ ಮಾನಸ್ 14416: ಲಾರಿ ಡ್ರೈವರ್ ಒಬ್ಬನ ಅಭಿಪ್ರಾಯ

ಶಿರಾ ಹತ್ತಿರ ನನ್ನ ಲಾರಿಗೆ ಬೈಕೊಂದು ಅಡ್ಡ ಬಂತು. ತಪ್ಪು ನನ್ನದಲ್ಲ ಅಂತ ಪೊಲೀಸರೇ ಬರೆದುಕೊಂಡರು. ಆದರೂ ಬ್ರೇಕ್ ಲೈನರ್ ಕಾದ ವಾಸನೆ ಬಂದರೆ ಸಾಕು, ಕೈ ಬೆವರುತ್ತಿತ್ತು. ರಾತ್ರಿ ಕಿರುಚಿಕೊಂಡು ಏಳುತ್ತಿದ್ದೆ. ಅಮ್ಮ ತಾಯಿತ ಕಟ್ಟಿಸಿದರು. ಕ್ಲೀನರ್ ಹುಡುಗ ‘ಎರಡು ಪೆಗ್ ಹಾಕಿ ಮಲಗಣ್ಣ’ ಅಂದ.

ಭಾವಮೈದ ಮೊದಲು ಯಾವುದೋ ಕೌನ್ಸೆಲಿಂಗ್ ಆ್ಯಪ್ ಹಾಕಿಕೊಟ್ಟ. ದುಡ್ಡು ಕಟ್ಟಿದ ದಿನವೇ, ಅಪಘಾತದಲ್ಲಿ ಏನೇನು ಕಂಡೆ ಅಂತ ಒಂದನ್ನೂ ಬಿಡದೆ ಹೇಳಿಸಿದರು. ಟೈಮ್ ಆಯ್ತು, ಫೋನ್ ಇಟ್ಟರು. ಆ ರಾತ್ರಿ ನಿದ್ದೆ ಅಷ್ಟಕ್ಕಷ್ಟೇ. ಘಟನೆ ನಡೆದ ಹೊಸತರಲ್ಲಿ ಹೀಗೆಲ್ಲ ಕೆದಕಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆಯಂತೆ.

ಆಮೇಲೆ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ಇದು ಮನಸ್ಸಿನ ತೊಂದರೆ ಇದ್ದವರಿಗೆ ಸರ್ಕಾರದ ಸಹಾಯವಾಣಿ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಹಿಂದೆ ನಿಂತಿರುವುದು ನಿಮ್ಹಾನ್ಸ್. ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ತೆಗೆದ ಮೇಡಂ ಅಪಘಾತದ ವಿವರ ಕೇಳಲೇ ಇಲ್ಲ. ನಿದ್ದೆ ಹೇಗಿದೆ, ಕುಡಿತ ಜಾಸ್ತಿ ಆಗಿದೆಯಾ, ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದರು. ಮಾತಾಡ್ತಾ ನನ್ನ ಉಸಿರು ಏರಿತು. ‘ಎರಡೂ ಪಾದ ನೆಲಕ್ಕೆ ಒತ್ತಿ, ಎದುರಿಗೆ ಕಾಣುವ ಐದು ವಸ್ತು ಹೇಳಿ’ ಅಂದರು. ಜಾಕ್, ಟಾರ್ಪಾಲು, ನೀರಿನ ಕ್ಯಾನು, ಹಗ್ಗ, ನನ್ನ ಚಪ್ಪಲಿ. ಸುಮ್ನೆ ಆಟ ಅನ್ನಿಸಿತು, ಆದರೆ ಉಸಿರು ಇಳಿಯಿತು.

ಅಪಾಯ ಮುಗಿದರೂ ಮೈಗೆ ಅದು ಗೊತ್ತಾಗಿರುವುದಿಲ್ಲ, ಅದಕ್ಕೇ ಸಣ್ಣ ಸದ್ದಿಗೂ ಬೆಚ್ಚುವುದು ಅಂದರು. ಎಷ್ಟೋ ಜನರಿಗೆ ತಾನಾಗೇ ಕಮ್ಮಿ ಆಗುತ್ತೆ. ತಿಂಗಳು ದಾಟಿಯೂ ಕೆಟ್ಟ ಕನಸು, ಬೆಚ್ಚುವುದು, ಆ ಜಾಗ ತಪ್ಪಿಸಿಕೊಂಡು ಓಡಾಡುವುದು ಉಳಿದು, ದುಡಿಮೆಗೂ ಏಟು ಬಿದ್ದರೆ ಅದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮನಸ್ಸಿನ ಕಾಯಿಲೆ ಇರಬಹುದು, ಡಾಕ್ಟರ್ ನೋಡಲೇಬೇಕು. ಹೆಂಡ ನಿದ್ದೆಯನ್ನೇ ಕೆಡಿಸುತ್ತೆ. ಕ್ಲೀನರ್‌ಗೂ ಇದನ್ನು ಹೇಳಿದ್ದೇನೆ.

ಒಂದು ಮಾತು. ಇದು ಫೋನು, ಪೂರ್ತಿ ಚಿಕಿತ್ಸೆ ಇಲ್ಲೇ ಆಗುತ್ತೆ ಅಂದುಕೊಳ್ಳಬೇಡಿ. ನನ್ನನ್ನು ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ, ಅಂದರೆ ಮನಸ್ಸಿನ ತೊಂದರೆ ನೋಡುವ ಸರ್ಕಾರಿ ಕ್ಲಿನಿಕ್‌ಗೆ ಹೋಗಲು ಹೇಳಿದರು. ಈಗ ಅಲ್ಲೇ ತೋರಿಸುತ್ತಿದ್ದೇನೆ. ಲಾರಿ ಇನ್ನೂ ಹಗಲು ಹೊತ್ತು ಮಾತ್ರ.

ಮನೆಯವರೂ ಮಾತಾಡಬಹುದು. ನಾನು ಕಿರುಚಿದಾಗ ಅಲುಗಾಡಿಸಿ ಎಬ್ಬಿಸಲಾ ಅಂತ ನನ್ನವಳು ಕೇಳಿದಳು. ಮುಟ್ಟಬೇಡಿ, ಲೈಟ್ ಹಾಕಿ ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೆಯಿರಿ ಅಂದರು. ನನ್ನ ಹೆಸರು ಹಿಡಿದು ಕರೆಯೋಕೆ ಅವಳಿಗೆ ಇನ್ನೂ ನಾಚಿಕೆ, ‘ರೀ, ರೀ’ ಅಂತಲೇ ಕೂಗುತ್ತಾಳೆ. ಅದೂ ನಡೆಯುತ್ತೆ.