ಬಿಟಿ ಪ್ರೋಟೀನ್ ಅಳೆಯುವ ಸೆನ್ಸರ್ ಕಿಟ್: ಒಂದು ಹಂಗಾಮು ಬಳಸಿದ ಮೇಲೆ

ಬಿಟಿ ಹತ್ತಿ ಅಂದರೆ ಕಾಯಿಕೊರಕ ಹುಳು ಕೊಲ್ಲುವ ಕ್ರೈ1ಎಸಿಯಂಥ ಪ್ರೋಟೀನನ್ನು ತಾನೇ ತಯಾರಿಸುವಂತೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ. ಅದರ ಎಲೆಯಲ್ಲಿ ಕ್ರೈ1ಎಸಿ ಎಷ್ಟಿದೆ ಅಂತ ನೋಡೋಕೆ ಇಷ್ಟು ದಿನ ಎಲೈಸಾ (ಬಣ್ಣ ಎಷ್ಟು ಗಾಢ ಅನ್ನೋದರಿಂದ ಪ್ರೋಟೀನ್ ಅಳೆಯುವ ಲ್ಯಾಬ್ ಪರೀಕ್ಷೆ) ಮಾಡುತ್ತಿದ್ದೆವು. 96 ಗುಳಿಯ ಪ್ಲೇಟು ತುಂಬಿಸಿ, ತೊಳೆದು, ಕಾದು ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಅದ್ದಿ ನೋಡುವ ಸ್ಟ್ರಿಪ್‌ನಲ್ಲಿ ಹತ್ತು ನಿಮಿಷಕ್ಕೆ ಗೆರೆ ಬರುತ್ತದೆ ನಿಜ, ಆದರೆ ಇದೆಯೋ ಇಲ್ಲವೋ ಅಷ್ಟೇ, ಎಷ್ಟಿದೆ ಅನ್ನೋದು ಗೊತ್ತಾಗುವುದಿಲ್ಲ. ಈ ಕಿಟ್ ಎಷ್ಟು ಅಂತಲೂ ಹೇಳುತ್ತದೆ. ಅದಕ್ಕೇ ತರಿಸಿದೆವು.

ಬೆರಳಷ್ಟು ಅಗಲದ ಕಾರ್ಡು, ಅದರ ತುದಿಯಲ್ಲಿ ಅಚ್ಚು ಹಾಕಿದ ಮೂರು ಎಲೆಕ್ಟ್ರೋಡು. ನಡುವಿನ ಕಾರ್ಬನ್ ಮೇಲೆ ಆಂಟಿಬಾಡಿ (ಒಂದು ಗೊತ್ತಾದ ಪ್ರೋಟೀನಿಗೆ ಮಾತ್ರ ಅಂಟುವ ಅಣು) ಕೂರಿಸಿರುತ್ತಾರೆ, ಅದು ಕ್ರೈ1ಎಸಿಯನ್ನು ಹಿಡಿದುಕೊಳ್ಳುತ್ತದೆ, ಮೇಲೆ ಕಿಣ್ವ ಕಟ್ಟಿದ ಎರಡನೇ ಆಂಟಿಬಾಡಿ ಕೂರುತ್ತದೆ, ಆಮೇಲೆ ಆ ಕಿಣ್ವದ ಜೊತೆ ಪ್ರತಿಕ್ರಿಯಿಸುವ ಟಿಎಂಬಿ ದ್ರಾವಣದ ಹನಿ ಹಾಕಿದರೆ ಪ್ರೋಟೀನ್ ಜಾಸ್ತಿ ಇದ್ದಷ್ಟೂ ಕರೆಂಟು ಜಾಸ್ತಿ. ಹನಿ ಮೂರೂ ಎಲೆಕ್ಟ್ರೋಡುಗಳನ್ನು ಮುಚ್ಚಬೇಕು. ಒಳಗೆ ಒಂದು ಗುಳ್ಳೆ ಉಳಿದರೂ ಆ ಕಾರ್ಡು ಹೋಯಿತು ಅಂತಲೇ ಲೆಕ್ಕ.

ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಕಿಟ್ ಜೊತೆ ಕೊಟ್ಟ ಅಳತೆಯ ಗೆರೆಯನ್ನು, ಅಂದರೆ ಎಷ್ಟು ಕರೆಂಟಿಗೆ ಎಷ್ಟು ಪ್ರೋಟೀನ್ ಅಂತ ತೋರಿಸುವ ಗ್ರಾಫನ್ನು, ಎಲೆ ರಸವಿಲ್ಲದ ಬರೀ ಬಫರ್ ದ್ರಾವಣದಲ್ಲಿ ಎಳೆದಿದ್ದಾರೆ. ಬಿಟಿ ಅಲ್ಲದ ಹತ್ತಿಯ ಎಲೆ ಅರೆದು, ಆ ಹಸಿರು ನೊರೆಯನ್ನು ಸೋಸಿ ಒಂದು ಹನಿ ಇಟ್ಟೆ. ಅದಕ್ಕೂ ಕರೆಂಟು ಬಂತು! ಎಲೆ ರಸದಲ್ಲಿರುವ ಫಿನಾಲ್ ಅನ್ನೋ ರಾಸಾಯನಿಕಗಳು ಎಲೆಕ್ಟ್ರೋಡಿಗೆ ಅಂಟಿಕೊಂಡು ಹೀಗೆ ದಾರಿ ತಪ್ಪಿಸುತ್ತವೆ. ಕಂಪನಿಯವರನ್ನು ಕೇಳಿದರೆ "ಚೆನ್ನಾಗಿ ತೊಳೆಯಿರಿ" ಅಂದರು, ಅಷ್ಟೇ. ಇದನ್ನು ಕೈಪಿಡಿಯಲ್ಲಿ ಬರೆಯಬೇಕಿತ್ತು, ಅಲ್ವಾ? ಕೊನೆಗೆ ರಸವನ್ನು ಇನ್ನಷ್ಟು ತೆಳು ಮಾಡಿ, ಒಂದು ಸಲ ಜಾಸ್ತಿ ತೊಳೆದು, ಬಿಟಿ ಅಲ್ಲದ ಎಲೆಯ ರಸಕ್ಕೇ ಗೊತ್ತಿರುವ ಪ್ರಮಾಣದ ಪ್ರೋಟೀನ್ ಬೆರೆಸಿ ನಮ್ಮದೇ ಗೆರೆ ಎಳೆದುಕೊಂಡೆವು. ಆಮೇಲೆ ಎಲೈಸಾ ಲೆಕ್ಕಕ್ಕೂ ಇದಕ್ಕೂ ಹೊಂದಾಣಿಕೆ ಬಂತು.

ಸೊನ್ನೆ ಬಂದರೆ ಕುಲಾಂತರಿ ಅಲ್ಲ ಅಂತ ಮಾತ್ರ ತಿಳಿಯಬೇಡಿ. ಈ ಕಾರ್ಡಿಗೆ ಗೊತ್ತಿರುವುದು ಕ್ರೈ1ಎಸಿ ಒಂದೇ. ಗಿಡ ಕಳೆನಾಶಕವನ್ನು ತಡೆದುಕೊಳ್ಳುವಂತೆ ಮಾಡುವ ಸಿಪಿ4 ಇಪಿಎಸ್‌ಪಿಎಸ್ ಅನ್ನೋ ಬೇರೆ ಪ್ರೋಟೀನ್ ಇದ್ದರೆ ಇದು ಸುಮ್ನೆ ಕೂರುತ್ತದೆ. ಬೇಯಿಸಿದ, ಹುರಿದ ಪದಾರ್ಥಕ್ಕೂ ಇದು ಬೇಡ, ಕಾವಿಗೆ ಪ್ರೋಟೀನಿನ ಆಕಾರ ಕೆಟ್ಟರೆ ಆಂಟಿಬಾಡಿ ಅದನ್ನು ಗುರುತಿಸುವುದಿಲ್ಲ, ಅಲ್ಲಿ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು. ಗಿಡಕ್ಕೆ ವಯಸ್ಸಾದಂತೆ ಎಲೆಯಲ್ಲಿ ಕ್ರೈ1ಎಸಿ ಕಡಿಮೆಯಾಗುತ್ತದೆ, ಹಾಗಾಗಿ ಯಾವ ಎಲೆ, ಎಷ್ಟು ದಿನದ ಗಿಡ ಅಂತ ಬರೆದಿಡದೆ ಅಂಕಿಗಳನ್ನು ಹೋಲಿಸಬೇಡಿ.

ಇಷ್ಟೆಲ್ಲಾ ಹೇಳಿದರೂ ನಾನು ಇದನ್ನು ಬಿಡುವುದಿಲ್ಲ. ನಾಲ್ಕೈದು ಎಲೆಗಾಗಿ ಇಡೀ ಪ್ಲೇಟು ತೆರೆಯುವ ಸಂಕಟ ತಪ್ಪಿತು. ಹೊಸ ಪೆಟ್ಟಿಗೆ ಬಂದಿದೆ, ಫ್ರಿಜ್‌ನಲ್ಲಿದೆ. ಅದರ ಮೊದಲ ಮೂರು ಕಾರ್ಡು ಬಿಟಿ ಅಲ್ಲದ ಎಲೆಗೇ ಮೀಸಲು.