ಮಾಡಿದ್ದನ್ನು ಹೊರುವವರು: ಟೆನ್ಮಾ, ಗಟ್ಸ್ ಮತ್ತು ಥಾರ್ಫಿನ್

ಜಪಾನಿನಲ್ಲಿ 'ಸೇನೆನ್' ಎಂಬುದು ವಯಸ್ಕ ಗಂಡಸರಿಗಾಗಿ ಹೊರಡುವ ಪತ್ರಿಕೆಗಳ ಮಾಂಗಾಕ್ಕೆ, ಅಂದರೆ ಜಪಾನಿ ಚಿತ್ರಕಥೆಗಳಿಗೆ, ಇರುವ ಹೆಸರು. ಅದು ಕಥೆಯ ಗುಣವನ್ನಲ್ಲ, ಓದುಗರ ವಯಸ್ಸನ್ನು ಸೂಚಿಸುತ್ತದೆ. ಮಕೊಟೊ ಯುಕಿಮುರಾ ಅವರ 'ವಿನ್‌ಲ್ಯಾಂಡ್ ಸಾಗಾ' 2005ರಲ್ಲಿ ಹುಡುಗರ ವಾರಪತ್ರಿಕೆಯಲ್ಲಿ ಆರಂಭವಾಗಿ ಅದೇ ವರ್ಷ ವಯಸ್ಕರ ಮಾಸಿಕಕ್ಕೆ ಹೋಯಿತು. ನಾಯಕ ಥಾರ್ಫಿನ್ ಮಾತ್ರ ಅವನೇ ಆಗಿ ಉಳಿದ. ಆದ್ದರಿಂದ ಹಣೆಪಟ್ಟಿಯನ್ನೂ ರಕ್ತಪಾತದ ಪ್ರಮಾಣವನ್ನೂ ಬದಿಗಿಟ್ಟು, ತಾನು ಮಾಡಿದ್ದರ ಫಲವನ್ನು ನಾಯಕನು ಹೇಗೆ ಹೊರುತ್ತಾನೆ ಎಂಬ ಒಂದೇ ಪ್ರಶ್ನೆಯನ್ನಿಟ್ಟುಕೊಂಡು ಮೂರು ಕೃತಿಗಳನ್ನು ಒಂದರ ಹಿಂದೊಂದು ನೋಡಿದೆ.

ನವೋಕಿ ಉರಾಸಾವಾ ಅವರ 'ಮಾನ್‌ಸ್ಟರ್'ನ ಡಾ. ಟೆನ್ಮಾ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿರುವ ನರಶಸ್ತ್ರಚಿಕಿತ್ಸಕ. ಮೊದಲು ಬಂದಿದ್ದ ಟರ್ಕಿಯ ಕಾರ್ಮಿಕನನ್ನು ಬಿಟ್ಟು ಖ್ಯಾತ ಗಾಯಕನಿಗೆ ಶಸ್ತ್ರಚಿಕಿತ್ಸೆ ಮಾಡಿದ ತಪ್ಪು ಅವನನ್ನು ಕೊರೆಯುತ್ತದೆ; ಮುಂದೆ ಮೇಯರ್‌ನನ್ನು ಬಿಟ್ಟು ಬಾಲಕನೊಬ್ಬನನ್ನು ಉಳಿಸಿದರೆ ಆ ಬಾಲಕನೇ ಕೊಲೆಗಾರನಾಗುತ್ತಾನೆ. ಸರಿಯಾದ ಕೆಲಸದಿಂದಲೇ ಹುಟ್ಟಿದ ಈ ಋಣ ಮೂರರಲ್ಲಿ ಅತ್ಯಂತ ಜಟಿಲವಾದುದು. ಆದರೆ ಅನಿಮೆಯ (ಜಪಾನಿ ಅನಿಮೇಶನ್ ಸರಣಿಯ) 74 ಕಂತುಗಳುದ್ದಕ್ಕೂ ಟೆನ್ಮಾನ ಒಳ್ಳೆಯತನಕ್ಕೆ ಬಿರುಕು ಬೀಳುವುದೇ ಇಲ್ಲ. ಅವನನ್ನು ಕಂಡವರೆಲ್ಲ ಒಬ್ಬೊಬ್ಬರಾಗಿ ಒಳ್ಳೆಯವರಾಗುತ್ತ ಹೋಗುವುದು ನಡುವೆ ನನಗೆ ಬೇಸರವನ್ನೇ ತಂದಿತು.

ಕೆಂಟಾರೊ ಮಿಯುರಾ ಅವರ 'ಬರ್ಸರ್ಕ್'ನ ಕೂಲಿ ಸೈನಿಕ ಗಟ್ಸ್‌ನನ್ನು 1997ರ 25 ಕಂತುಗಳ ಅನಿಮೆಯಲ್ಲಿ ಮಾತ್ರ ಕಂಡವರು ಅವನನ್ನು ಅರ್ಧಕ್ಕಿಂತ ಕಡಿಮೆ ಬಲ್ಲರು. ನಾನೂ ಬಹುಕಾಲ ಹಾಗೆಯೇ ಇದ್ದೆ. ತನ್ನ ಹಳೆಯ ಪಡೆಯ ನಾಯಕ ಗ್ರಿಫಿತ್‌ನ ದ್ರೋಹದಲ್ಲಿ ಒಂದು ಕೈಯನ್ನೂ ಒಂದು ಕಣ್ಣನ್ನೂ ಕಳೆದುಕೊಂಡ ಮೇಲೆ ಅವನು ಬುದ್ಧಿ ಕೆಟ್ಟ ಪ್ರೇಯಸಿ ಕ್ಯಾಸ್ಕಾಳನ್ನು ಬಿಟ್ಟು ಸೇಡಿಗೆಂದು ಎರಡು ವರ್ಷ ಅಲೆಯುತ್ತಾನೆ. ಹಿಂದಿರುಗಿದಾಗ ಮುದಿ ಕಮ್ಮಾರ ಗೋಡೊ ಅವನನ್ನು ತರಾಟೆಗೆ ತೆಗೆದುಕೊಂಡು, ಅವನ ದ್ವೇಷವು ದುಃಖವನ್ನು ಎದುರಿಸಲಾರದವನ ಪಲಾಯನವೆಂದು ತೋರಿಸಿಕೊಡುವ ಪುಟಗಳು ಯಾವ ಕಾಳಗಕ್ಕಿಂತಲೂ ತೀಕ್ಷ್ಣವಾಗಿವೆ. ಮಿಯುರಾ 2021ರಲ್ಲಿ ತೀರಿಕೊಂಡರು. ಗೆಳೆಯ ಕೌಜಿ ಮೋರಿ ಅವರ ಮೇಲ್ವಿಚಾರಣೆಯಲ್ಲಿ ಕಥೆ ಮುಂದುವರಿದಿದೆ.

ಆದರೂ ನನ್ನ ಒಲವು ಥಾರ್ಫಿನ್‌ನ ಕಡೆಗೆ. ತಂದೆಯನ್ನು ಕೊಂದವನ ಪಡೆಯಲ್ಲೇ ಬೆಳೆದು, ಸೇಡು ತೀರಿಸಿಕೊಳ್ಳುವ ಅವಕಾಶವನ್ನೂ ಕಳೆದುಕೊಂಡು, ಗುಲಾಮನಾಗಿ ಡೆನ್ಮಾರ್ಕಿನ ಹೊಲಕ್ಕೆ ಬರುವ ಈ ಯುವಕ, 2023ರ ಎರಡನೆಯ ಸೀಸನ್ನಿನ ಬಹುಭಾಗದಲ್ಲಿ ಕಾಡು ಕಡಿಯುತ್ತಾನೆ, ಬೇರು ಕೀಳುತ್ತಾನೆ, ಗೋಧಿ ಬಿತ್ತುತ್ತಾನೆ. ತಾನು ಕೊಂದವರು ಕನಸಿನಲ್ಲಿ ಕಾಲಿಗೆ ಜೋತುಬಿದ್ದಾಗ ಅವರನ್ನು ಹೊತ್ತೇ ಮುಂದೆ ನಡೆಯಲು ನಿರ್ಧರಿಸುತ್ತಾನೆ. ಮುಂದೆ ರಾಜನೊಡನೆ ಮಾತನಾಡಲು ನೂರು ಹೊಡೆತಗಳನ್ನು ತಿಂದರೂ ತಿರುಗಿ ಕೈ ಎತ್ತುವುದಿಲ್ಲ. ಗಟ್ಸ್‌ನದು ಇನ್ನೊಬ್ಬರು ಮಾಡಿದ ಗಾಯ, ಟೆನ್ಮಾನದು ಒಳ್ಳೆಯತನದ ಅನಿರೀಕ್ಷಿತ ಫಲ. ಥಾರ್ಫಿನ್ ಹೊತ್ತಿರುವುದು ನೇರವಾಗಿ ತನ್ನದೇ ಕೈಯ ಕೆಲಸವನ್ನು.

ಈಗ ಮರಳಿ ನೋಡುವಾಗ ನಾನು ಮೊದಲ ಸೀಸನ್ನನ್ನು ಬಿಟ್ಟು ನೇರವಾಗಿ ಆ ಹೊಲಕ್ಕೇ ಹೋಗುತ್ತೇನೆ. ಹೊಸಬರಿಗೆ ಮಾತ್ರ ಹಾಗೆ ಮಾಡಿರೆಂದು ಹೇಳಲಾರೆ. ಮೊದಲ 24 ಕಂತುಗಳ ಕೊಲೆಗಳನ್ನು ಕಾಣದವರಿಗೆ ಆ ಕನಸಿನ ಹೆಣಗಳು ಯಾರವೆಂದು ತಿಳಿಯುವುದಿಲ್ಲ.